ಹೊಂಡದ ಓಣಿಯ ಏಕೈಕ ಸೋಫಾಕ್ಕೆ

ಮಾನ್ಯ ಸೋಫಾ ಮಹಾಶಯರೇ,

ಗೋಕಾಕದ ಹೊಂಡದ ಓಣಿಯ ಸಮಸ್ತ ನಿವಾಸಿಗಳ ಪರವಾಗಿ, ಅದೇ ಓಣಿಯಲ್ಲಿ ಹೊಲಿಗೆ ಮಷಿನ್ ತುಳಿದು ಬದುಕುವ ನಂದಾ ತಮ್ಮ ನಾಲ್ಕೂ ಕಾಲುಗಳಿಗೆ ಮಾಡುವ ನಮಸ್ಕಾರಗಳು. ಭೀಮಶಿ ಕಾಕಾ ಅವರ ಸೊಸೆ ಕಾಜಲಳ ತವರಾದ ಹುಕ್ಕೇರಿಯಿಂದ ತಾವು ಟಂಟಂ ರಿಕ್ಷಾ ಏರಿ ಬಂದ ದಿನದಿಂದ ಇಡೀ ಓಣಿಯಲ್ಲಿ ಅಳಿಯನ ಮರ್ಯಾದೆ ಪಡೆಯುತ್ತಿದ್ದೀರಿ. ಯಾರ ಮನೆಗೆ ಕನ್ಯೆ ನೋಡಲು ಬಂದರೂ ಮೊದಲು ತಾವು ಆ ಮನೆಗೆ ದಯಮಾಡಿಸುವುದು ನಮ್ಮಲ್ಲಿ ರಿವಾಜೇ ಆಗಿದೆ. ತಮ್ಮ ಮೇಲೆ ಕೂತು ಕುದುರಿಸಿದ ಸಂಬಂಧಗಳ ಉಪಕಾರವನ್ನು ನಾವು ಮರೆತವರಲ್ಲ.

ಆದರೆ ಓಣಿಯ ಹಳೆ ಮನೆಗಳನ್ನು ಕೆಡವಿ ಅಲ್ಲಿಯೇ ಅಂತಸ್ತಿನ ಕಟ್ಟಡ ಕಟ್ಟುವ ಯೋಜನೆಗೆ ಸಮೀಕ್ಷೆ ನಡೆದಾಗ ತಾವು ತೋರಿದ ಉತ್ಸಾಹವೇ ಈ ದೂರಿಗೆ ಕಾರಣ. ಕಟ್ಟಡದ ಖರ್ಚಿನಲ್ಲಿ ಬಡ ಕುಟುಂಬಗಳ ಪಾಲನ್ನು ಯೋಜನೆಯೇ ಭರಿಸುತ್ತದೆ, ಅನುಕೂಲಸ್ಥರು ತಮ್ಮ ಪಾಲು ತಾವೇ ತುಂಬಬೇಕು, ತುಂಬದವರು ಊರ ಹೊರಗೆ ಕೊಣ್ಣೂರ ದಾರಿಯ ಕಡೆ ಹೋಗಬೇಕು ಎಂಬ ನಿಯಮವನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಸಮೀಕ್ಷೆಗೆಂದು ಟ್ಯಾಬ್ ಹಿಡಿದು ಬಂದ ಹುಡುಗಿಯನ್ನು ನಾವು ಬೀಗರ ಕಡೆಯವಳಂತೆಯೇ ಕಂಡೆವು. ಆಕೆ ಒಂದು ಮನೆಯಲ್ಲಿ ಚಹಾ ಕುಡಿದು ಕುಂಕುಮ ಹಚ್ಚಿಸಿಕೊಳ್ಳುವಷ್ಟರಲ್ಲಿ ತಾವು ನಮ್ಮ ಗಂಡಸರ ಹೆಗಲೇರಿ, ಹಿತ್ತಲ ಬಾಗಿಲಿನಿಂದ ಮುಂದಿನ ಮನೆ ಹೊಕ್ಕು, ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೆ ಗೋಡೆಗೆ ಒರಗಿ ನಿಂತಿರುತ್ತಿದ್ದಿರಿ. ಮೇಲೆ ಮನೆಗೊಂದು ಚಾದರ ಹಾಸಿದ್ದರಿಂದ ಆಕೆಗೂ ಅನುಮಾನ ಬರಲಿಲ್ಲ.

ತಮ್ಮ ಕೃಪೆಯಿಂದ ನಾವೀಗ ಕಾಗದದ ಮೇಲೆ ಶ್ರೀಮಂತರು. ಮನೆಮನೆಗೂ ಸೋಫಾ ಇರುವ ಇಂಥ ಓಣಿಯನ್ನು ಯೋಜನೆಯವರು ಎಲ್ಲಿಯೂ ಕಂಡಿಲ್ಲವಂತೆ. ಒಂದೇ ಕೋಣೆಯಲ್ಲಿ ರೊಟ್ಟಿ ಬಡಿದು ಮಾರಿ ಹೊಟ್ಟೆ ಹೊರೆಯುವ ವಿಧವೆ ಕೆಂಪವ್ವನೂ ಅನುಕೂಲಸ್ಥಳೆಂದು ದಾಖಲಾಗಿದ್ದಾಳೆ. ಪಾಲು ತುಂಬುವುದು ಆಕೆಯಿಂದ ಆಗದ ಮಾತು, ಊರ ಹೊರಗೆ ಹೋದರೆ ಆಕೆಯ ರೊಟ್ಟಿ ಕೇಳುವವರಿಲ್ಲ. ಅದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ, ತಮ್ಮ ಮೇಲೆ ಸಿಟ್ಟೂ ಬರುತ್ತದೆ. ಇರುವುದನ್ನು ಇದ್ದ ಹಾಗೆಯೇ ತೋರಿಸಬಾರದಿತ್ತೇ ಎಂದು ಕೇಳಿದ್ದಕ್ಕೆ ಆಕೆ, "ಮನಿಗಿ ಬಂದ ಮಗಳನ್ನ ನೆಲದ ಮ್ಯಾಲ ಹ್ಯಾಂಗ ಕುಂಡ್ರಸೂದವ್ವಾ?" ಎಂದಳು.

ಆದ್ದರಿಂದ ತಾವು ಜಗತ್ತಿನಲ್ಲಿ ಒಬ್ಬರೇ ಇದ್ದೀರೆಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿಕೊಡಬೇಕಾಗಿ ವಿನಂತಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ತಾವು ಕಾಲೂರಿದ ಪ್ರತಿ ಮನೆಯ ಪಾಲನ್ನು ತಾವೇ ತುಂಬಬೇಕು. ಅದೂ ಆಗದಿದ್ದರೆ, ಮರುಸಮೀಕ್ಷೆಯ ಸುದ್ದಿ ಹಬ್ಬಿರುವುದರಿಂದ, ಆ ದಿನದ ಮಟ್ಟಿಗಾದರೂ ಹುಕ್ಕೇರಿಗೆ ಹೋಗಿ ತವರಿನವರನ್ನು ಮಾತಾಡಿಸಿಕೊಂಡು ಬರಬೇಕು. ಟಂಟಂ ಬಾಡಿಗೆ ಓಣಿಯವರದು.

ಇಷ್ಟಾದರೂ ತಮ್ಮ ಮೆತ್ತನೆಯ ಸ್ವಭಾವದಲ್ಲಿ ನಂಬಿಕೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ನಂದಾ

ತಾ.ಕ.: ತಿದ್ದುಪಡಿ ಕೇಳಲು ಕೆಂಪವ್ವನನ್ನು ಕರೆದುಕೊಂಡು ಯೋಜನೆಯ ಕಚೇರಿಗೆ ಹೋಗಿದ್ದೆ. ಮಧ್ಯಾಹ್ನದವರೆಗೂ ಆಕೆ ಗೋಡೆ ಹಿಡಿದು ನಿಂತಿದ್ದಳು, ಕೂತುಕೋ ಎಂದು ಒಬ್ಬರೂ ಅನ್ನಲಿಲ್ಲ. ಬಂದವರಿಗೆ ಒಂದು ಕುರ್ಚಿ ಕೊಡುವ ಶಕ್ತಿಯೂ ಇಲ್ಲದ ಆ ಕಚೇರಿಯನ್ನು ಬಡವರ ಪಟ್ಟಿಯಲ್ಲಿ ನಮಗಿಂತ ಮೊದಲು ಸೇರಿಸುವಂತೆ ತಾವೇ ಶಿಫಾರಸು ಮಾಡಬೇಕು.