ಮೂರನೇ ಮಹಡಿಯ ಪೆಪ್ಟೈಡ್

ಡಬ್ಬಿಯೊಳಗಿನ ಐಸು ಬೆಳಗಾಗುವಷ್ಟರಲ್ಲಿ ನೀರಾಗಿತ್ತು. ಚನ್ನವೀರನ ಫಜೀತಿ ಶುರುವಾದದ್ದು ಅಲ್ಲಿಂದಲೇ.

ಪ್ರಯೋಗಾಲಯಗಳಿಗೆ ಸಾಮಾನು ತಲುಪಿಸುವುದು ಅವನ ಕೆಲಸ. ಹಿಂದಿನ ಸಂಜೆ ಕುಮಾರಸ್ವಾಮಿ ಲೇಔಟಿನ ಲ್ಯಾಬು ಒಂದು ದಿನದ ರಜೆಗೆಂದು ಬಾಗಿಲು ಹಾಕಿದ್ದರಿಂದ, ಅಲ್ಲಿಗೆ ಸೇರಬೇಕಿದ್ದ ಬಿಳಿ ಪುಡಿಯ ಬಾಟಲಿಯೊಂದು ಬಿ.ಟಿ.ಎಂ. ಬಡಾವಣೆಯ ಮೂರನೇ ಮಹಡಿಯಲ್ಲಿದ್ದ ಅವನ ಬಾಡಿಗೆ ಮನೆಗೇ ಬಂದಿತ್ತು. ತಾಯಿ ಪಾರವ್ವ ಅದೇನೆಂದು ಕೇಳದೆ ಬಿಡಲಿಲ್ಲ.

"ಪೆಪ್ಟೈಡ್ ಅಂತಾರವ್ವ. ಬ್ಯಾಳ್ಯಾಗಿನ ಪ್ರೋಟೀನ್ ಅಂದ್ರ ಉದ್ದನ್ನ ಮಣಿಸರ ಇದ್ದಂಗ. ಇದು ಮೂರ್ನಾಕು ಮಣಿ ಪೋಣಿಸಿದ ತುಂಡು, ಲ್ಯಾಬಿನ್ಯಾಗ ಮಾಡಿದ್ದು. ರಕ್ತನಾಳಕ್ಕ ಮುಪ್ಪು ಬರೋದನ್ನ ಇದು ತಡೀತದೇನು ಅಂತ ನೋಡಾಕತ್ತಾರ. ಇನ್ನೂ ಗೊತ್ತಾಗಿಲ್ಲ."

"ಇಷ್ಟ ಸಣ್ಣ ತುಂಡಿಗೆ ಅಷ್ಟ ದೊಡ್ಡ ಕೆಲಸನ?" ಪಾರವ್ವ ಬಾಟಲಿಯನ್ನು ದೀಪಕ್ಕೆ ಹಿಡಿದು ನೋಡಿದ್ದಳು.

ಪುಡಿಯನ್ನು ತಣ್ಣಗಿಡಲು ಈಗ ಫ್ರಿಜ್ ಬೇಕಿತ್ತು. ಇದ್ದದ್ದು ಕೆಳಗೆ, ಓನರ್ ಚಿಕ್ಕಬೈರಪ್ಪನವರ ಮನೆಯಲ್ಲಿ. ನೆಂಟರು ಎರಡು ದಿನ ಮೀರಿ ಉಳಿದರೆ ಮನೆ ಖಾಲಿ ಮಾಡಬೇಕೆಂಬುದು ಅವರ ಶಾಸನ. ಪಾರವ್ವ ಬಂದು ತಿಂಗಳಾಗಿತ್ತು. ಚನ್ನವೀರನನ್ನು ಇಷ್ಟು ದಿನ ಕಾಪಾಡಿದ್ದು ಓನರರ ಏದುಸಿರು. ನಾಲ್ಕು ಮೆಟ್ಟಿಲಿಗೇ ಹಳೇ ಟ್ರ್ಯಾಕ್ಟರಿನಂತೆ ಬುಸುಗುಟ್ಟಿ ನಿಂತುಬಿಡುವ ಅವರು ಮೂರನೇ ಮಹಡಿಯ ಮುಖ ನೋಡಿ ವರ್ಷಗಳಾಗಿದ್ದವು.

ಪಾರವ್ವ ಸ್ನಾನಕ್ಕೆ ಹೋಗಿದ್ದಳು. ಚನ್ನವೀರ ಗಬಗಬನೆ ರೊಟ್ಟಿ ತಿಂದು, ಒಲೆಕಟ್ಟೆಯ ಮೇಲಿದ್ದ ಬಾಟಲಿ ಎತ್ತಿಕೊಂಡು ಕೆಳಗಿಳಿದ.

"ಏನಪ್ಪಾ ಇದು?" ಓನರ್ ಹೆಂಡತಿ ಅಂಜನಮ್ಮ ಕಣ್ಣು ಕಿರಿದು ಮಾಡಿದರು.

"ರಕ್ತನಾಳಕ್ಕ, ವಯಸ್ಸಿಗೆ ಸಂಬಂಧಪಟ್ಟದ್ದು ಆಂಟಿ. ಇನ್ನೂ ಪರೀಕ್ಷೆ ನಡದೈತಿ. ಯಾರೂ ಮುಟ್ಟಬ್ಯಾಡ್ರಿ."

ಮುಟ್ಟಬೇಡಿ ಎಂದಮೇಲೆ ಅದು ಒಳ್ಳೆಯ ಮಾಲೇ ಇರಬೇಕೆಂದು ಅಂಜನಮ್ಮನಿಗೆ ಖಾತ್ರಿಯಾಯಿತು.

ಸಂಜೆ ಚನ್ನವೀರ ಬಂದಾಗ ಬಾಟಲಿ ಅರ್ಧವಾಗಿತ್ತು.

"ಬೈಕೋಬೇಡ ಕಣಪ್ಪ, ನಮ್ಮೋರಿಗೆ ಒಂದು ಸ್ಪೂನ್ ನಿಂಬೆಹಣ್ಣಿನ ನೀರಿಗೆ ಹಾಕ್ಕೊಟ್ಟೆ. ನೊರೆ ಉಕ್ತು ನೋಡು! ಕುಡಿದು ಒಂದು ತೇಗು ತೇಗಿದ್ರು, ಎದುರುಮನೆ ನಾಯಿ ಎದ್ದು ಓಡೋಯ್ತು. ಎದೆ ಮೇಲಿನ ಕಲ್ಲು ಇಳಿದಂಗಾಯ್ತು ಅಂತ ಇನ್ನೂ ಎರಡು ಸ್ಪೂನ್ ಹಾಕ್ಕೊಂಡ್ರು."

"ಆಂಟಿ, ಅಂಕಲ್ ಎಲ್ಲಿ?"

"ಮೇಲೆ ಟ್ಯಾಂಕ್ ನೋಡ್ಕೊಂಡು ಬರ್ತೀನಿ ಅಂತ ಹತ್ತಿದ್ರು. ಹುಡುಗ ಆಗೋಗವ್ರೆ!"

ಚನ್ನವೀರ ಬಾಟಲಿ ಕಿತ್ತುಕೊಂಡು ಮೆಟ್ಟಿಲಿಗೆ ಹಾರಿದ. ಒಂದನೇ ಮಹಡಿಯಲ್ಲಿ ಉಸಿರು ಹಿಡಿಯಿತು, ಎರಡನೆಯದರಲ್ಲಿ ಪಕ್ಕೆ ಹಿಡಿಯಿತು. ಮೂರನೆಯದಕ್ಕೆ ಕಂಬಿ ಹಿಡಿದು ತೆವಳಿ ತಲುಪಿದಾಗ, ಚಿಕ್ಕಬೈರಪ್ಪ ಮದುಮಗನಂತೆ ಅವನ ಬಾಗಿಲಲ್ಲಿ ನಿಂತಿದ್ದರು. ಎದುರಿಗೆ ಪಾರವ್ವ.

"ಏನ್ಲಾ, ಯಾರಿವರು? ತಿಂಗಳಿಂದ ಇಲ್ಲೇ ಅವ್ರಂತೆ!"

ಚನ್ನವೀರ ಏದುಸಿರು ಬಿಡುತ್ತ ಬಾಟಲಿ ಹಿಡಿದ ಕೈಯನ್ನು ಗೋಡೆಗೆ ಊರಿದ. ಪಾರವ್ವನ ಕಣ್ಣು ಅವನ ಕೈಯ ಮೇಲೆ ಬಿತ್ತು. "ಅಯ್ಯ ಶಿವನ! ಮುಂಜಾನಿಂದ ಹುಡುಕಾಕತ್ತೀನಿ. ನನ್ನ ಸೋಡಾಪುಡಿ ನೀ ಯಾಕ ಒಯ್ದಿ?"

"ಸೋಡಾಪುಡಿ?"

"ಹೂಂ. ಮುಚ್ಚಳ ಚಲೋ ಬಿಗಿ ಐತಂತ ಅದರಾಗ ತುಂಬಿಟ್ಟಿದ್ನಿ."

ಚಿಕ್ಕಬೈರಪ್ಪ ಇನ್ನೊಮ್ಮೆ ತೇಗಿದರು. ಎಷ್ಟೋ ವರ್ಷದ ಏದುಸಿರು ಬರೀ ಗ್ಯಾಸೆಂದು ಅವರಿಗೂ ಅರ್ಥವಾದಂತಿತ್ತು. ದನಿ ಮೆತ್ತಗಾಯಿತು. "ಅಕ್ಕ, ಆ ಪುಡಿ ಇನ್ನೂ ಐತಾ?"

"ಒಂದ್ ಡಬ್ಬಿ ಐತ್ರಿ."

"ಹಂಗಾದ್ರೆ ನೀವು ಇಲ್ಲೇ ಇರಿ. ದಿನಾ ಬರ್ತೀನಿ. ಆದ್ರೆ ರೂಲ್ ಅಂದ್ರೆ ರೂಲು. ಮನೆ ಖಾಲಿ ಮಾಡೋದು ಇವನೊಬ್ನೇ."

ಚನ್ನವೀರ ಬಾಟಲಿಯ ಮುಚ್ಚಳ ಬಿಚ್ಚಿ ಮೂಸಿದ. "ಯವ್ವಾ, ಅದರಾಗಿದ್ದ ಮೊದಲಿನ ಪುಡಿ ಎಲ್ಲಿ ಚೆಲ್ಲಿದಿ?"

"ಚೆಲ್ಲಾಕ ನನಗೇನ್ ಹುಚ್ಚ? ಅಲೆದಾಡಿ ಅಲೆದಾಡಿ ಮೂವತ್ತಕ್ಕ ಮುದುಕ ಆಗೀದಿ. ನಿನ್ನ ರೊಟ್ಟಿಹಿಟ್ಟಿನ್ಯಾಗ ಕಲಸೀನಿ. ಮುಂಜಾನೆ ನಾಕೂ ತಿಂದೆಲ್ಲ!"

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಲ್ಯಾಬಿನ ಮೇಡಂ.

"ಚನ್ನವೀರ, ಸ್ಯಾಂಪಲ್ ಎಲ್ಲಿದೆ? ತಣ್ಣಗೆ ಇಟ್ಟಿದ್ದೀರ ತಾನೇ?"

ಚನ್ನವೀರ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ.

"ಇಲ್ಲೇ ಐತ್ರಿ ಮೇಡಂ. ಆದ್ರ... ಬೆವರಾಕತ್ತೈತ್ರಿ."