ಜಪಾನಿ ನಿಂಜಾ ಪ್ರೇಮಚಿತ್ರದ ಬಗ್ಗೆ ಅಭಿಪ್ರಾಯ ಹೇಳುವಾಗ ಪಾಲಿಸತಕ್ಕ ಶಿಸ್ತು

ಇಲಾಖಾ ವಸತಿಗೃಹಗಳ ಕನ್ನಡ ಬಳಗ
(ಮನರಂಜನಾ ಶಾಖೆ)
ಪಟಾನ್‌ಚೆರು ರಸ್ತೆ, ಹೈದರಾಬಾದ್

ಸಂಖ್ಯೆ: ಕಬ/ಮರಂ/ಜಪಾನ್/ಪ್ರೇಮ/2006-07
ದಿನಾಂಕ: 11-12-2006

ಸುತ್ತೋಲೆ

ವಿಷಯ: ಸಮುದಾಯ ಭವನದಲ್ಲಿ ತೋರಿಸಲಾದ ನಿಂಜಾ ಪ್ರೇಮಚಿತ್ರ, ಅದರ ಮೇಲೆ ಬಂದ ಅಭಿಪ್ರಾಯಗಳು ಹಾಗೂ ತತ್ಪರಿಣಾಮಗಳ ಕುರಿತು.

ಉಲ್ಲೇಖ: (1) ಶ್ರೀಮತಿ ಗಂಗೂಬಾಯಿಯವರ ಮೌಖಿಕ ಆಕ್ಷೇಪಣೆ.
(2) ಅಡುಗೆಮನೆಯಿಂದ ಹೊರಬಿದ್ದ ಕಟ್ಟುನಿಟ್ಟಿನ ಸೂಚನೆ.

ಕಳೆದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಜಪಾನಿ ಚಲನಚಿತ್ರವೊಂದನ್ನು ತೋರಿಸಲಾಯಿತೆಂಬುದೂ, ಚಿತ್ರಕ್ಕಿಂತ ಅದರ ಬಗೆಗಿನ ಅಭಿಪ್ರಾಯಗಳೇ ಹೆಚ್ಚು ಹೊತ್ತು ನಡೆದವೆಂಬುದೂ ಎಲ್ಲರಿಗೂ ತಿಳಿದಿದೆ. ಬಂದವರಿಗಿಂತ ಬರದೆ ಇದ್ದವರೇ ಘಟನೆಯನ್ನು ಹೆಚ್ಚು ವಿವರವಾಗಿ ಬಣ್ಣಿಸುತ್ತಿರುವುದು ಶಾಖೆಯ ಗಮನಕ್ಕೆ ಬಂದಿರುವ ಕಾರಣ, ನಡೆದದ್ದನ್ನು ನಡೆದಂತೆ ದಾಖಲಿಸಿ, ಮುಂದಿನ ಪ್ರದರ್ಶನಗಳಿಗೆ ಅನ್ವಯವಾಗುವ ನಿಯಮಗಳನ್ನು ಈ ಕೆಳಗಿನಂತೆ ಹೊರಡಿಸಲಾಗಿದೆ.

1. ಚಿತ್ರದ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಉಚ್ಚರಿಸಿ, ಕೊನೆಗೆ ಯಾರಿಗೂ ಯಾರ ಉಚ್ಚಾರವೂ ಒಪ್ಪಿಗೆಯಾಗದ್ದರಿಂದ ಇನ್ನು ಮುಂದೆ ಅದನ್ನು 'ಸದರಿ ಚಿತ್ರ' ಎನ್ನಲಾಗುವುದು. ಸದರಿ ಚಿತ್ರದ ಡಿಸ್ಕನ್ನು ತಂದವರು ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ, ಮೈಸೂರಿನ ಶ್ರೀ ರೋಹಿತ. ಕಥಾಸಾರಾಂಶ ಇಷ್ಟು: ನದಿಯ ಆಚೆ ಈಚೆ ಎರಡು ನಿಂಜಾ ಊರುಗಳು, ಅಂದರೆ ಕಣ್ಣಷ್ಟೇ ಕಾಣುವಂತೆ ಮುಖ ಮುಚ್ಚಿಕೊಂಡು ಗುಟ್ಟಾಗಿ ಕಾದಾಡುವವರ ಊರುಗಳು. ಎರಡೂ ಊರಿನ ಹಿರಿಯರಿಬ್ಬರಿಗೆ ಪರಸ್ಪರ ಆಗಿಬರುವುದಿಲ್ಲ. ನಡುವಿನ ಸೇತುವೆಗೆ ಆ ಕಡೆಯಿಂದ ಒಬ್ಬ ಹುಡುಗ, ಈ ಕಡೆಯಿಂದ ಒಬ್ಬ ಹುಡುಗಿ ಕಾವಲು. ಇಬ್ಬರೂ ಅರ್ಧ ಸಿನಿಮಾ ಒಬ್ಬರನ್ನೊಬ್ಬರು ನೋಡುತ್ತಾರೆ. ಆಮೇಲೆ ಹಿರಿಯರಿಂದ, ಎದುರಿನವರನ್ನು ಕೊಲ್ಲತಕ್ಕದ್ದೆಂಬ ಆದೇಶ ಬರುತ್ತದೆ. ಕೊನೆಯಲ್ಲಿ ಮಂಜು ಕವಿಯುತ್ತದೆ, ಒಂದು ಕತ್ತಿ ನೀರಿಗೆ ಬೀಳುತ್ತದೆ, ಚಿತ್ರ ಮುಗಿಯುತ್ತದೆ. ಯಾರ ಕತ್ತಿ, ಯಾರು ಸತ್ತರು ಎಂಬುದನ್ನು ನಿರ್ದೇಶಕರು ತಿಳಿಸಿರುವುದಿಲ್ಲ. ಸದರಿ ನಿರ್ಲಕ್ಷ್ಯವೇ ಮುಂದಿನ ಎಲ್ಲಕ್ಕೂ ಮೂಲ.

2. ಇದೇ ಕಥೆ ಮೊದಲು ಅನಿಮೆ, ಅಂದರೆ ಜಪಾನಿನವರು ಕೈಯಿಂದ ಬರೆದು ಓಡಾಡಿಸುವ ಚಿತ್ರಸರಣಿಯಾಗಿ ಬಂದಿತ್ತಂತೆ. ಶ್ರೀ ರೋಹಿತ ಅವರು ಪ್ರತಿ ದೃಶ್ಯಕ್ಕೂ "ಅನಿಮೆಯಲ್ಲಿ ಹಿಂಗಿರ್ಲಿಲ್ಲ, ಅದೇ ಚೆನ್ನಾಗಿತ್ತು" ಎನ್ನುತ್ತಿದ್ದರು. ಇಲಾಖಾ ಆಸ್ಪತ್ರೆಯ ನಿವೃತ್ತ ಮುಖ್ಯ ನರ್ಸ್ ಶ್ರೀಮತಿ ಗಂಗೂಬಾಯಿಯವರು ತಾಳ್ಮೆ ಕಳೆದುಕೊಂಡು, "ಹಂಗಾದ್ರ ಅದನ್ನ ತರಬೇಕಿತ್ತಲ್ಲೋ ಯಪ್ಪಾ, ಇದನ್ಯಾಕ ತಂದಿ?" ಎಂದು ಕೇಳಿದ್ದು ನ್ಯಾಯಸಮ್ಮತವಾಗಿದೆ (ಉಲ್ಲೇಖ 1). ಇನ್ನು ಮುಂದೆ ಅನಿಮೆ ಚೆನ್ನಾಗಿತ್ತೆನ್ನುವವರು, ಅನಿಮೆ ಎಂದರೇನೆಂಬುದನ್ನು ಮೊದಲು ಶ್ರೀಮತಿ ಗಂಗೂಬಾಯಿಯವರಿಗೆ ಸಮಾಧಾನವಾಗುವಂತೆ ವಿವರಿಸಿ ಅವರ ಅನುಮತಿ ಪಡೆಯತಕ್ಕದ್ದು. ಈವರೆಗೆ ಯಾರಿಗೂ ಅನುಮತಿ ದೊರೆತಿಲ್ಲ.

3. ಭವನದಲ್ಲಿ ಉಗ್ರಾಣ ವಿಭಾಗದವರು ಎಡಕ್ಕೂ ತಪಾಸಣಾ ವಿಭಾಗದವರು ಬಲಕ್ಕೂ ಕುಳಿತಿದ್ದರು. ಇದು ಹಳೆಯ ಪದ್ಧತಿ. ಹಿಂದೊಮ್ಮೆ ಉಗ್ರಾಣದವರು ಸ್ವೀಕರಿಸಿದ ಬೋಲ್ಟುಗಳ ಒಂದಿಡೀ ಲಾರಿಯನ್ನು ತಪಾಸಣೆಯವರು ತಿರಸ್ಕರಿಸಿದಾಗ, ಉಗ್ರಾಣದ ಶ್ರೀ ಸುಬ್ಬಣ್ಣನವರು "ಬೋಲ್ಟ್ ನೆಟ್ಟಗ ಅದಾವ, ನೋಡೋರ ಕಣ್ಣ ಡೊಂಕ ಐತಿ" ಎಂದಿದ್ದರು. ಸದರಿ ಕಣ್ಣು, ಅಂದು ತಪಾಸಣಾ ವಿಭಾಗದಲ್ಲಿದ್ದು ಇಂದು ಈ ಸುತ್ತೋಲೆಗೆ ಸಹಿ ಹಾಕುತ್ತಿರುವ ಶ್ರೀ ಅಮರಯ್ಯನವರದು (ಇನ್ನು ಮುಂದೆ 'ಸಹಿದಾರರು'). ಅಂದಿನಿಂದ ಎರಡೂ ಮನೆಗಳ ನಡುವೆ ಮಾತುಕತೆ ಸ್ಥಗಿತಗೊಂಡಿತ್ತು.

4. ತಾಂತ್ರಿಕ ಅಭಿಪ್ರಾಯಗಳು. (ಅ) ನಿಂಜಾಗಳು ಎಸೆದ ಉಕ್ಕಿನ ಚಕ್ರಗಳ ಬಗ್ಗೆ ಶ್ರೀ ಸುಬ್ಬಣ್ಣನವರು, "ಒಗದದ್ದರಾಗ ಒಂದಾದ್ರೂ ಹೊಳ್ಳಿ ತಂದು ಜಮಾ ಮಾಡಿದ್ರೇನು? ಯಾವ ಉಗ್ರಾಣದಾಗ ಇದನ್ನ ನಡಸ್ತಾರ?" ಎಂದು ಪ್ರಶ್ನಿಸಿದರು. (ಆ) ಬಂಡೆಯನ್ನು ಸೀಳಿದ ಕತ್ತಿ ಮುಂದಿನ ದೃಶ್ಯದಲ್ಲಿ ಹಗ್ಗವನ್ನು ಕತ್ತರಿಸಲಾಗದೆ ಹೋದದ್ದನ್ನು ತಪಾಸಣೆಯವರು ಎದ್ದು ನಿಂತು ಖಂಡಿಸಿದರು. ಇಂಥ ಅಭಿಪ್ರಾಯಗಳಿಂದ ಪ್ರೇಮದೃಶ್ಯಗಳಿಗೆ ಅಡ್ಡಿಯಾಗುವುದರಿಂದ, ಇನ್ನು ಮುಂದೆ ಆಯುಧಗಳ ಗುಣಮಟ್ಟವನ್ನು ಹಾಡಿನ ಹೊತ್ತಿನಲ್ಲಿ ಮಾತ್ರ ಚರ್ಚಿಸತಕ್ಕದ್ದು. ಸದರಿ ಚಿತ್ರದಲ್ಲಿ ಹಾಡುಗಳಿರಲಿಲ್ಲ.

5. ಚಿತ್ರ ನೋಡಿದ ಮರುದಿನದಿಂದ, ಸ್ಕೂಟರಿನಲ್ಲಿ ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಮೆಹದಿಪಟ್ಟಣಂ ಕಡೆಗೆ ಹೋಗುವ ಹೆಣ್ಣುಮಕ್ಕಳನ್ನು ಕಾಲೊನಿಯ ಕೆಲವರು 'ನಿಂಜಾ' ಎಂದು ಕೂಗುತ್ತಿರುವುದು ತಿಳಿದುಬಂದಿದೆ. ಸದರಿ ದುಪಟ್ಟಾ ಧೂಳಿನ ಸಲುವಾಗಿ. ಕೂಗುವವರು ಒಂದು ಬೇಸಿಗೆ ಅದೇ ರಸ್ತೆಯಲ್ಲಿ ಮುಖ ಮುಚ್ಚದೆ ಓಡಾಡಿ ಬಂದು, ಆಮೇಲೆ ಕೂಗತಕ್ಕದ್ದು.

6. ಚಿತ್ರ ಮುಗಿದು ದೀಪ ಹಾಕಿದಾಗ ಹಲವರ ಕಣ್ಣು ಒದ್ದೆಯಾಗಿತ್ತು. ಗಂಡಸರು ಪ್ರೊಜೆಕ್ಟರಿನ ಬಿಸಿಯನ್ನು ಕಾರಣವಾಗಿ ನೀಡಿದ್ದಾರೆ, ಅದನ್ನು ಒಪ್ಪಿಕೊಳ್ಳಲಾಗಿದೆ. ಹುಡುಗ ಸತ್ತನೆಂದು ಉಗ್ರಾಣದವರು, ಹುಡುಗಿ ಸತ್ತಳೆಂದು ತಪಾಸಣೆಯವರು ಪಟ್ಟು ಹಿಡಿದು ಕುರ್ಚಿಗಳು ಸರಿದಾಡತೊಡಗಿದವು. ಆಗ ಶ್ರೀಮತಿ ಗಂಗೂಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಗಿಡದಿಂದ ಗಿಡಕ್ಕ ಹಾರ್ತಾರ, ನೀರಿನ ಮ್ಯಾಲ ಓಡ್ತಾರ, ಗ್ವಾಡಿ ಏರ್ತಾರ. ಇಷ್ಟೆಲ್ಲಾ ಬರೂವಂಥವರಿಗೆ ಬಾಯಿ ಬಿಟ್ಟು ಒಂದ ಮಾತ ಆಡಾಕ ಏನ್ ಧಾಡಿ ಆಗಿತ್ತು?" ಎಂದರು. ಸರಿದಾಡುತ್ತಿದ್ದ ಕುರ್ಚಿಗಳು ನಿಂತವು. ಈ ಅಭಿಪ್ರಾಯದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ದೋಷ ಇದ್ದದ್ದು ಅದನ್ನು ಕೇಳಿಸಿಕೊಂಡವರಲ್ಲಿ.

7. ಕೇಳಿಸಿಕೊಂಡವರಲ್ಲಿ ಒಬ್ಬಳು ಕುಮಾರಿ ಶಾಮಲಾ. ಈಕೆ ಗಚ್ಚಿಬೌಲಿಯಲ್ಲಿ ಶ್ರೀ ರೋಹಿತ ಅವರ ಸಹೋದ್ಯೋಗಿ. ಸಹಿದಾರರ ಒಬ್ಬಳೇ ಮಗಳು. ಬಲಗಡೆಯಿಂದ ಎದ್ದು ನಿಂತು ಈಕೆ ನೀಡಿದ ಅಭಿಪ್ರಾಯವನ್ನು ಯಥಾವತ್ತಾಗಿ ನಮೂದಿಸಲಾಗಿದೆ: "ಯಾರ ಸತ್ತರು ಅನ್ನೂದಲ್ಲ ಮಾತು. ಗಂಗೂ ಆಯಿ ಹೇಳಿದ್ದ ಖರೆ. ಬಾಯಿ ಬಿಟ್ಟ ಹೇಳಬೇಕಿತ್ತು. ನಾ ಶ್ರೀಹರ್ಷನ್ನ ಮದವಿ ಆಗಾಕಿ ಅದೀನಿ. ಇದು ನನ್ನ ಅಭಿಪ್ರಾಯ."

ಶ್ರೀಹರ್ಷ ಎಂದರೆ ಎಡಗಡೆ ಕುಳಿತಿದ್ದ ಶ್ರೀ ಸುಬ್ಬಣ್ಣನವರ ಮಗ. ಆತನೂ ಅದೇ ಕಂಪನಿಯಲ್ಲಿದ್ದಾನೆ. ಇಬ್ಬರೂ ಒಂದೇ ಕ್ಯಾಬ್‌ನಲ್ಲಿ ಹೋಗಿಬರುತ್ತಿದ್ದು, ದಾರಿಯುದ್ದಕ್ಕೂ ಬಾಯಿಗೆ ಬಿಡುವಿಲ್ಲದಂತೆ ಹರಟಿ, ಕಾಲೊನಿಯ ಗೇಟಿನಲ್ಲಿ ಇಳಿದ ಕೂಡಲೇ ಅಪರಿಚಿತರಾಗಿಬಿಡುತ್ತಿದ್ದರೆಂದು ಈಗ ತಿಳಿದುಬಂದಿದೆ. ಇದು ಕ್ಯಾಬ್ ಚಾಲಕನಿಗೂ, ಶ್ರೀ ರೋಹಿತ ಅವರಿಗೂ, ಸಹಿದಾರರ ಪತ್ನಿ ಶ್ರೀಮತಿ ಶಿವದೇವಿಯವರಿಗೂ ಗೊತ್ತಿತ್ತು. ಸಹಿದಾರರಿಗೆ ಮಾಹಿತಿ ಇರಲಿಲ್ಲ.

ಸಹಿದಾರರು ಅಧ್ಯಕ್ಷಸ್ಥಾನದಿಂದ, "ಇದು ಸಿನಿಮಾದ ಬಗ್ಗೆ ಅಲ್ಲ. ಕೂಡು" ಎಂದು ಆದೇಶಿಸಿದರು. ಮಗಳು ಕೂರಲಿಲ್ಲ. "ಸಿನಿಮಾದ ಬಗ್ಗೆನ ಹೇಳಾಕತ್ತೀನಿ ಅಪ್ಪಾ. ನೀವೂ ಸುಬ್ಬಣ್ಣ ಮಾಮಾನೂ ಅದರಾಗ ಅದೀರಿ," ಎಂದಳು. ಅಷ್ಟರಲ್ಲಿ ಶ್ರೀಹರ್ಷನೂ ಎದ್ದು, ಗಂಟಲು ಸರಿಮಾಡಿಕೊಂಡು, "ನಂದೂ ಅದ ಅಭಿಪ್ರಾಯ" ಎಂದನು. ಧ್ವನಿ ಕೇಳಿಸಲಿಲ್ಲವೆಂದು ಹಿಂದಿನ ಸಾಲಿನವರು ಕೂಗಿದ್ದರಿಂದ ಇನ್ನೊಮ್ಮೆ ಹೇಳಬೇಕಾಯಿತು.

ಕೂಡಲೇ ಇಬ್ಬರು ತಂದೆಯರೂ ಪ್ರತಿಭಟಿಸಿ ಹೊರನಡೆದರು. ಭವನಕ್ಕೆ ಒಂದೇ ಬಾಗಿಲಿದ್ದು, ನೀವು ಮೊದಲು ಎನ್ನಲು ಇಬ್ಬರಿಗೂ ಮನಸ್ಸಿಲ್ಲದ್ದರಿಂದ ಪ್ರತಿಭಟನೆಯು ಹೊಸ್ತಿಲಲ್ಲಿ ಬಹಳ ಹೊತ್ತು ಮುಂದುವರಿಯಿತು.

8. ತದನಂತರ ಸಹಿದಾರರು ಮಗಳೊಂದಿಗೆ ಮಾತು ಬಿಟ್ಟರು. ಮನೆಯೊಳಗಿನ ಸಕಲ ವ್ಯವಹಾರವನ್ನು ಸೂಕ್ತ ಮಾರ್ಗದ ಮೂಲಕ, ಅಂದರೆ ಶ್ರೀಮತಿ ಶಿವದೇವಿಯವರ ಮೂಲಕ ನಡೆಸಲಾಯಿತು. ಮಗಳು ಊಟ ಮಾಡಿದಳೇ ಎಂಬ ವಿಚಾರಣೆ, ಸ್ವೆಟರ್ ಹಾಕಿಕೊಂಡು ಹೋಗತಕ್ಕದ್ದೆಂಬ ಸೂಚನೆ, ಎಲ್ಲವೂ ಅಡುಗೆಮನೆಯ ಮೂಲಕವೇ ಹೋಗಿಬರುತ್ತಿದ್ದವು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ಶ್ರೀಮತಿ ಶಿವದೇವಿಯವರು ಕೈ ನಿಲ್ಲಿಸಿ, "ನಾ ಏನ್ ಟಪಾಲಿನಾಕಿ ಅಲ್ಲರಿ. ಆಕಿಗೆ ಥಂಡಿ ಹತ್ತೈತಿ ಅಂತ ನಿಮಗ ಕಾಳಜಿ ಇದ್ರ ನೀವ ಹೋಗಿ ಹೇಳ್ರಿ. ಇವತ್ತಿನಿಂದ ನಾ ಯಾರ ಮಾತೂ ಯಾರಿಗೂ ಮುಟ್ಟಸಂಗಿಲ್ಲ," ಎಂದು ಸೇವೆಯಿಂದ ನಿವೃತ್ತರಾದರು (ಉಲ್ಲೇಖ 2). ಮಗಳು ಆಗಲೇ ಕ್ಯಾಬ್ ಹತ್ತಿ ಹೋಗಿದ್ದಳು. ಸ್ವೆಟರ್ ಗೂಟದಲ್ಲಿಯೇ ಇತ್ತು.

9. ಆದಕಾರಣ ಸಹಿದಾರರು ಅರ್ಧ ದಿನದ ರಜೆ ಹಾಕಿ, ಸ್ವೆಟರ್ ಸಮೇತ ಬಸ್ಸು ಹತ್ತಿ, ಲಿಂಗಂಪಲ್ಲಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಗಚ್ಚಿಬೌಲಿ ತಲುಪಿದರು. ಮಗಳ ಕಚೇರಿ ಪೂರ್ತಿ ಗಾಜಿನದು. ಒಳಗಿನವರು ಕಾಣುವುದಿಲ್ಲ, ನಿಂತವರ ಮುಖ ಮಾತ್ರ ಅವರಿಗೇ ಕಾಣುತ್ತದೆ. ಕೊರಳಲ್ಲಿ ಕಾರ್ಡು ಇಲ್ಲದವರನ್ನು ಬಿಡಲಾಗದೆಂದು ಕಾವಲಿನವರು ತಿಳಿಸಿದರು. ಗೇಟಿನ ಬಳಿ ಅದಾಗಲೇ ಇನ್ನೊಬ್ಬರನ್ನು ತಡೆದು ನಿಲ್ಲಿಸಲಾಗಿತ್ತು. ಅವರು ಮಗನನ್ನು ಕಾಣಲು ಬಂದಿದ್ದ ಶ್ರೀ ಸುಬ್ಬಣ್ಣನವರು.

ಇಬ್ಬರೂ ಸಾಕಷ್ಟು ಹೊತ್ತು ಬೇರೆ ಬೇರೆ ಕಡೆ ನೋಡುತ್ತ ನಿಂತರು. ಕೊನೆಗೆ ಶ್ರೀ ಸುಬ್ಬಣ್ಣನವರು, "ಚಾ ಕುಡೀತೀರೇನ್ರಿ?" ಎಂದು ಕೇಳಿದರು. ತಾತ್ವಿಕ ಒಪ್ಪಿಗೆ ನೀಡಲಾಯಿತು.

ಎದುರಿನ ಇರಾನಿ ಚಹಾದ ಅಂಗಡಿಯಲ್ಲಿ ಮಕ್ಕಳ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಸಿನಿಮಾದ ವಿಷಯ ಎತ್ತಲಾಯಿತು. "ನೀವು ಹೇಳ್ರಿ," ಎಂದರು ಶ್ರೀ ಸುಬ್ಬಣ್ಣನವರು, "ಆ ಹುಡುಗ ಸತ್ತನೋ ಇಲ್ಲೋ?"

"ಕತ್ತಿ ಬಿದ್ದದ್ದಷ್ಟ ತೋರಿಸ್ಯಾರ. ಹೆಣ ತೋರಿಸಿಲ್ಲ," ಎಂದು ಸಹಿದಾರರು ತಮ್ಮ ಅಭಿಪ್ರಾಯ ನೀಡಿದರು. "ಕಣ್ಣಿಲೆ ನೋಡದ ಸತ್ತಾನಂತ ಹ್ಯಾಂಗ ಪಾಸ್ ಮಾಡ್ಲಿ?"

"ಹುಡುಗಿ?"

"ಆಕಿನೂ ಅದಾಳ."

ಶ್ರೀ ಸುಬ್ಬಣ್ಣನವರು ಚಹಾವನ್ನು ಸಾಸರಿಗೆ ಸುರಿದುಕೊಂಡು ಕುಡಿಯದೆ ಇಟ್ಟರು. "ನಾ ಆವತ್ತು ಮನಿಗೆ ಹೋಗಿ ಭಾಳ ಅತ್ತೆನ್ರಿ," ಎಂದರು. "ಹುಡುಗರಿಬ್ರೂ ಸತ್ತರ, ಆ ಇಬ್ರು ಮುದುಕರು ಊರ ಇಟಗೊಂಡು ಏನ್ ಮಾಡ್ತಾರ ಅಂತ."

ಸಹಿದಾರರು ಅದ್ದಿದ ಬಿಸ್ಕತ್ತು ಮುರಿದು ಚಹಾದಲ್ಲಿ ಮುಳುಗಿತು. ಅದನ್ನು ತೆಗೆಯುವ ಪ್ರಯತ್ನವನ್ನು ಮಾಡಲಾಗಲಿಲ್ಲ. ಆಮೇಲೆ ಹೇಳಲಾಯಿತು: "ನನ್ನ ಮಗಳು ಇಡೀ ಕಾಲೊನಿ ಮುಂದ ಎದ್ದ ನಿಂತು ಹೇಳಿದಳು. ಮನ್ಯಾಗ ನನ್ನ ಒಬ್ಬನ ಮುಂದ ಹೇಳಾಕ ಆಕಿಗೆ ಅಂಜಿಕಿ ಬಂತು. ಅದ ನನಗ ಇಲ್ಲೇ ಚುಚ್ಚಾಕತ್ತೈತಿ ನೋಡ್ರಿ, ಸುಬ್ಬಣ್ಣಾರ."

"ನನ್ನ ಮಗ ಅಂತೂ ಆಕಿ ಹೇಳಿದ ಮ್ಯಾಲ ಹೇಳ್ದಾ," ಎಂದರು ಶ್ರೀ ಸುಬ್ಬಣ್ಣನವರು. "ನಿಮ್ಮ ಹುಡುಗಿ ಇರಲಿಲ್ಲಂದ್ರ ಅಂವಾ ಮುಪ್ಪಾದ್ರೂ ಬಾಯಿ ಬಿಡ್ತಿದ್ದಿಲ್ಲ ಬಿಡ್ರಿ."

ಇಬ್ಬರೂ ನಕ್ಕರೆಂದು ದಾಖಲಿಸಲಾಗಿದೆ.

10. ಸಂಜೆ ಕಚೇರಿ ಬಿಟ್ಟಾಗ ಶಾಮಲಾ ಮತ್ತು ಶ್ರೀಹರ್ಷ ಕೈ ಹಿಡಿದುಕೊಂಡೇ ಗೇಟಿನಿಂದ ಹೊರಬಂದರು. ಎದುರಿಗೆ ತಮ್ಮ ತಂದೆಯರು ಜೋಡಿಯಾಗಿ ನಿಂತಿರುವುದನ್ನು ಕಂಡು ಗಾಬರಿಯಿಂದ ಕೈ ಬಿಟ್ಟರು. ಹಾಗೆ ಬಿಡಬೇಕಾದ ಅಗತ್ಯವಿಲ್ಲವೆಂದು ಸಹಿದಾರರು ಸ್ಥಳದಲ್ಲಿಯೇ ಮೌಖಿಕ ಆದೇಶ ಹೊರಡಿಸಿ, ಸ್ವೆಟರನ್ನು ಖುದ್ದಾಗಿ ಹಸ್ತಾಂತರಿಸಿದರು. ಮಗಳು ಅಲ್ಲಿಯೇ, ಟ್ರಾಫಿಕ್ಕಿನ ನಡುವೆ, ತಂದೆಯ ಭುಜಕ್ಕೆ ಮುಖವಿಟ್ಟು ಅತ್ತಳು. ಹಿಂದೆ ನಿಂತ ಕ್ಯಾಬುಗಳು ಹಾರ್ನ್ ಹೊಡೆದವು. ಹೊಡೆಯಲು ಅವಕಾಶ ನೀಡಲಾಯಿತು.

11. ಮೇಲ್ಕಂಡ ಕಾರಣಗಳಿಂದ, ಚಲನಚಿತ್ರದ ಬಗ್ಗೆ ಅಭಿಪ್ರಾಯ ಹೇಳುವಾಗ ಮದುವೆಯ ತೀರ್ಮಾನಗಳನ್ನು ಪ್ರಕಟಿಸುವುದನ್ನು ಇನ್ನು ಮುಂದೆ ನಿಷೇಧಿಸಬೇಕೆಂಬ ಕರಡು ನಿಯಮವನ್ನು ಹಿಂಪಡೆಯಲಾಗಿದೆ. ಬದಲಿಗೆ, ಇಂಥವನ್ನು ಹೇಳುವವರು ಹಿಂದಿನ ಸಾಲಿಗೂ ಕೇಳಿಸುವಂತೆ, ಮೊದಲ ಸಲಕ್ಕೇ ಹೇಳತಕ್ಕದ್ದು. ಮಾಘ ಮಾಸದಲ್ಲಿ ಇದೇ ಭವನದಲ್ಲಿ ನಡೆಯುವ ಮದುವೆಗೆ ಎಲ್ಲ ವಿಭಾಗದವರೂ ಸಕುಟುಂಬ ಹಾಜರಿರತಕ್ಕದ್ದು. ಗೈರುಹಾಜರಾದವರ ವಿವರಣೆಯನ್ನು ಶ್ರೀಮತಿ ಗಂಗೂಬಾಯಿಯವರೇ ಅವರ ಮನೆಗೆ ಹೋಗಿ ಕೇಳುವರು.

ಸಹಿ/-
(ಅಮರಯ್ಯ)
ಪ್ರಭಾರ ಕಾರ್ಯದರ್ಶಿ ಹಾಗೂ ವಧುವಿನ ತಂದೆ
ಮನರಂಜನಾ ಶಾಖೆ

ಪ್ರತಿಗಳು:
1. ಶ್ರೀ ಸುಬ್ಬಣ್ಣ, ಉಗ್ರಾಣ ವಿಭಾಗ: ಮಾಹಿತಿಗಾಗಿ, ಮತ್ತು ಸಂಜೆ ಚಹಾಕ್ಕೆ ಬರುವಾಗ ತಿದ್ದುಪಡಿಗಳಿದ್ದರೆ ತರಲು.
2. ಶ್ರೀ ರೋಹಿತ, ಗಚ್ಚಿಬೌಲಿ: ಮುಂದಿನ ಸಲ ಕೊನೆಯಲ್ಲಿ ಮಂಜು ಇಲ್ಲದ ಚಿತ್ರ ತರಲು.
3. ಶ್ರೀಮತಿ ಗಂಗೂಬಾಯಿ: ಕನ್ನಡಕ ರಿಪೇರಿಗೆ ಹೋಗಿರುವುದರಿಂದ ಓದಿ ಹೇಳಲಾಗುವುದು.
4. ಶ್ರೀಮತಿ ಶಿವದೇವಿ: ಕರಡನ್ನು ಅವರೇ ತಿದ್ದಿರುವುದರಿಂದ ಅವರಿಗೆ ಹೊಸ ಮಾಹಿತಿ ಏನೂ ಇಲ್ಲ.
5. ಜಪಾನಿನ ಸಂಬಂಧಪಟ್ಟ ನಿಂಜಾ ಊರುಗಳು: ವಿಳಾಸ ದೊರೆತ ಕೂಡಲೇ.
6. ಶಾಮಲಾ ಮತ್ತು ಶ್ರೀಹರ್ಷ: ಪ್ರತಿ ಬೇಡವೆಂದಿದ್ದಾರೆ. ವಿಷಯ ತಮಗೆ ಮೊದಲೇ ಗೊತ್ತಿತ್ತಂತೆ.