ಡಬ್ಬದ ಒಲೆಯ ಒಂದು ರೊಟ್ಟಿ

ಏಳು ತಿಂಗಳ ಬಸುರಿ ನಾಗರತ್ನಾ, ತವರಿಗೆ ಹೊರಡುವ ಭಾನುವಾರ ಬೆಳಿಗ್ಗೆ, ಗೋಡೆಯ ಕಡೆ ಮುಖ ಮಾಡಿಕೊಂಡು, ತಾನು ಹೇಳಿದ್ದು ಯಾರಿಗೂ ಕೇಳಿಸದಿದ್ದರೇ ಒಳ್ಳೆಯದು ಎಂಬಂಥ ದನಿಯಲ್ಲಿ, "ಕಟಗಿ ಒಲಿ ಮ್ಯಾಲಿನ ರೊಟ್ಟಿ ತಿನ್ಬೇಕನಸ್ತದ ರೀ" ಎಂದಳು.

ಗಂಡ ಶರಣಬಸವನಿಗೆ ಅದು ಕೇಳಿಸಿತು. ಮಗಳನ್ನು ಕರೆದೊಯ್ಯಲು ಗುಲಬರ್ಗಾದಿಂದ ಬಂದು ಮಂಚದ ಮೇಲೆ ಕೂತಿದ್ದ ಅತ್ತೆ ಲಕ್ಷ್ಮಿದೇವಿಗೂ ಕೇಳಿಸಿತು.

"ನೋಡ್ರಿ ಅಳಿಯಂದ್ರ, ಬಸುರಿ ಬಯಕಿ ತೀರಸದಿದ್ರ ಕೂಸಿನ ಕಿವಿ ಸೋರ್ತಾವ. ನಾಳಿಗೆ ಊರಾಗ ಮಂದಿ ಕೇಳಿದ್ರ, ನಮ್ಮ ಅಳಿಯ ಏನ ತಿನಿಸಿ ಕಳಿಸ್ಯಾನ ಅಂತ ಹೇಳ್ಲಿ?"

"ಊರಿಗಿ ಹೋದ ಮ್ಯಾಲೆ ನಿಮ್ಮ ಒಲಿ ಮ್ಯಾಲೇ ಮಾಡಿ ಕೊಡ್ರಲ್ಲ, ಅತ್ತಿ."

"ನಮ್ಮ ಮನಿಗಿ ಗ್ಯಾಸ್ ಬಂದದ" ಎಂದು ಲಕ್ಷ್ಮಿದೇವಿ ಸೆರಗು ಸರಿಮಾಡಿಕೊಂಡರು. "ಒಲಿ ಕೆಡವಿ ಅಲ್ಲಿ ಕಪಾಟ ಮಾಡಿಸೀವಿ."

ಜೋಗುಪಾಳ್ಯದ ಆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಇದ್ದದ್ದು ಸೀಮೆಎಣ್ಣೆಯ ಪಂಪ್ ಸ್ಟೌ. ಅದರ ಮೇಲೆ ಸುಟ್ಟ ರೊಟ್ಟಿಗೆ ಸೀಮೆಎಣ್ಣೆಯ ವಾಸನೆ ಬಿಟ್ಟರೆ ಬೇರೆ ರುಚಿ ಇರುತ್ತಿರಲಿಲ್ಲ. ರೈಲು ಸಂಜೆಗೆ. ಶರಣಬಸವ ಕೆ.ಆರ್.ಪುರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವವನು. ಕಬ್ಬಿಣವನ್ನೇ ಬೇಕಾದಂತೆ ಕೊರೆಯುವವನಿಗೆ ಒಂದು ಒಲೆ ಯಾವ ಲೆಕ್ಕ ಎಂದುಕೊಂಡು ಎದ್ದ.

ಹಲಸೂರು ಮಾರ್ಕೆಟ್ಟಿನ ಅಂಗಡಿಯಿಂದ ಖಾಲಿ ಎಣ್ಣೆ ಡಬ್ಬ ಬಂತು. ಅದರ ಮೇಲಿನ ತಗಡು ತೆಗೆದು, ಪಕ್ಕಕ್ಕೊಂದು ಬಾಯಿ ಕೊರೆದ. ತಗಡು ಕಾದು ಸೊಟ್ಟಗಾಗಬಾರದೆಂದು, ಮೂಲೆಮನೆಗೆ ಪಾಯ ತೋಡುತ್ತಿದ್ದ ಜಾಗದಿಂದ ಕೆಮ್ಮಣ್ಣು ತಂದು ಕಲಸಿ ಒಳಗೆ ದಪ್ಪಗೆ ಮೆತ್ತಿದ. ಮರದ ಮಿಲ್ಲಿನವರು ಒಂದು ಚೀಲ ಚಕ್ಕೆ ಕೊಟ್ಟರು. ಎಲ್ಲವನ್ನೂ ಹೊತ್ತು ತಾರಸಿಗೆ ಹತ್ತುವಾಗ, ಮದುವೆಯ ದಿನವೂ ತನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ ಎನಿಸಿತು.

ಬೆಂಕಿ ಹಚ್ಚಿದ. ಮಣ್ಣು ಇನ್ನೂ ಹಸಿ. ಒಲೆಯಿಂದ ಎದ್ದ ಹೊಗೆ, ನೆಂಟರ ಮನೆಗೆ ಬಂದ ದೊಡ್ಡ ಕುಟುಂಬದಂತೆ, ಮೊದಲು ತಾರಸಿಯಲ್ಲಿ ನಿಂತು ಆಮೇಲೆ ಎಲ್ಲರ ಕೋಣೆಗೂ ಹೊಕ್ಕಿತು.

ಕೆಳಮನೆಯ ಮಂಜುಳಮ್ಮ ಮೂಗು ಮುಚ್ಚಿಕೊಂಡು ಮೇಲೆ ಬಂದರು. "ಏನಪ್ಪಾ ಶರಣಬಸವ, ಒಗೆದು ಹಾಕಿರೋ ಸೀರೆಗೆಲ್ಲ ಸಾಂಬ್ರಾಣಿ ಹಾಕ್ತಿದೀಯಾ?"

"ಒಂದೇ ಒಂದು ರೊಟ್ಟಿ ರೀ ಅಕ್ಕಾ. ನಾಗರತ್ನಾಗ ಬಯಕಿ."

ಬಯಕೆ ಎಂದದ್ದೇ ತಡ, ಮಂಜುಳಮ್ಮನ ಮುಖ ಬೆಣ್ಣೆಯಾಯಿತು. ಒಲೆಯ ಸುತ್ತ ಒಂದು ಸುತ್ತು ಬಂದು ಬಗ್ಗಿ ನೋಡಿದರು. "ಉರಿ ಚೆನ್ನಾಗಿದೆ ಕಣಪ್ಪಾ. ಹೆಂಚು ಇಡೋ ಮುಂಚೆ ಎರಡು ಬದನೆಕಾಯಿ ಸುಟ್ಕೊಂಬಿಡ್ಲಾ? ಗ್ಯಾಸಲ್ಲಿ ಸುಟ್ರೆ ಗೊಜ್ಜು ಗೊಜ್ಜಿನ ಥರಾನೇ ಇರಲ್ಲ."

ಬಸುರಿ ಹೆಂಡತಿಗೆ ವಾರಕ್ಕೆರಡು ಸಲ ಉಪ್ಪಿನಕಾಯಿ ಕೊಡುವಾಕೆಗೆ ಬೇಡವೆನ್ನುವುದು ಹೇಗೆ? ಎರಡು ಎಂದದ್ದು ಆರಾಗಿ ಬಂತು. ಮಂಜುಳಮ್ಮ ಅವನ್ನು ಕೂಸಿಗೆ ಎಣ್ಣೆ ನೀವುವಂತೆ ಒಂದೊಂದಾಗಿ ಹೊರಳಿಸಿ ಸುಟ್ಟರು.

ಅಷ್ಟರಲ್ಲಿ ಪಕ್ಕದ ತಾರಸಿಯ ಗೋಡೆಯ ಮೇಲೆ ಇಮಾಮ್ ಬೀ ಅವರ ತಲೆ ಕಾಣಿಸಿತು.

"ಬೇಟಾ, ಯಾರದು ಮದುವೆ?"

"ಮದವಿ ಅಲ್ರಿ ಅಮ್ಮಾ, ರೊಟ್ಟಿ."

"ರೊಟ್ಟೀಗೆ ಇಷ್ಟು ಬೆಂಕಿ ಯಾಕೆ? ವೇಸ್ಟ್ ಆಗ್ತದೆ." ಇಮಾಮ್ ಬೀ ಮರೆಯಾದರು. ತಿರುಗಿ ಬಂದಾಗ ಗೋಡೆಯ ಮೇಲಿಂದ ಒಂದು ದೊಡ್ಡ ಪಾತ್ರೆ ಇಳಿಯಿತು. "ಹೆದರ್ಬೇಡ, ನಿಂದು ಒಲೆಗೆ ಗೋಷ್, ಮಾಂಸ ತರೋದಿಲ್ಲ ನಾನು. ಹಾಲು, ಅಕ್ಕಿ, ಸಕ್ಕರೆ. ಖೀರು. ನಿನ್ನ ಬೀವೀಗೂ ಕೊಡ್ತೀನಿ. ತಿರುಗಿಸ್ತಾ ಇರು, ತಳ ಹಿಡೀಬಾರ್ದು. ನಾನು ನಮಾಜ್ ಮುಗಿಸಿ ಬರ್ತೀನಿ."

ಹೆಂಡತಿಗೂ ಪಾಲಿದೆ ಎಂದ ಮೇಲೆ ಅವನು ಸೌಟು ಹಿಡಿದ. ಖೀರು ಗಟ್ಟಿಯಾಗುವ ಲಕ್ಷಣ ತೋರಲಿಲ್ಲ. ಕೆಳಗಿನಿಂದ ಅತ್ತೆಯ ದನಿ ಬಂತು: "ಅಳಿಯಂದ್ರ, ರೊಟ್ಟಿ ಆತೇನ್ರಿ?"

"ಈಗ ಆತು ನೋಡ್ರಿ."

"ಹಿಟ್ಟು ಒಣಗಿ ಹಪ್ಪಳ ಆಗ್ಲಿಕತ್ತದ."

ಖೀರು ಇಳಿಯಿತು. ಹೆಂಚು ಇಡಬೇಕು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ಮನೆ ಮಾಲೀಕರು ಮುನಿನಾರಾಯಣಪ್ಪ. ದೀಪಾವಳಿಗೆ ಹೂಕುಂಡ ಹಚ್ಚಲೂ ತಾರಸಿ ಕೊಡದ ಮನುಷ್ಯ. ಮೈಗೆಲ್ಲ ಹರಳೆಣ್ಣೆ, ಸೊಂಟಕ್ಕೊಂದು ಟವೆಲು. ಬಿಸಿಲಿಗೆ ಅವರು ಈಗಷ್ಟೇ ಪಾಲಿಶ್ ಹಾಕಿದ ಬಾಗಿಲಿನಂತೆ ಹೊಳೆಯುತ್ತಿದ್ದರು. ಶರಣಬಸವ ಒಲೆಗೆ ಅಡ್ಡ ನಿಂತ. ಅವನ ಎರಡೂ ಪಕ್ಕದಿಂದ ಹೊಗೆ ಬರುತ್ತಿತ್ತು.

"ಸರಿ ಅತ್ಲಾಗೆ" ಎಂದರು ಮಾಲೀಕರು. ಒಲೆ ನೋಡಿದರು, ಬಗ್ಗಿ ಮೂಸಿದರು. "ಸೌದೆ ಒಲೆ."

"ತಪ್ಪಾಯ್ತು ಸಾರ್. ಇವತ್ತೊಂದಿನ."

"ಗೀಸರ್ ನೀರಲ್ಲಿ ಎಣ್ಣೆ ಬಿಡೋದೇ ಇಲ್ಲ ಕಣಯ್ಯಾ. ನಮ್ಮಪ್ಪನ ಕಾಲದ ಹಂಡೆ ಕೆಳಗೆ ಸುಮ್ನೆ ಬಿದ್ದಿದೆ. ಬಾ, ಒಂದು ಕೈ ಹಿಡಿ."

ತಾಮ್ರದ ಹಂಡೆ ಮೇಲೇರಿತು. ನೀರನ್ನು ಬಕೆಟ್ಟಿನಲ್ಲಿ ಹೊತ್ತವನು ಶರಣಬಸವ. ಕಾದ ನೀರನ್ನು ತಿರುಗಿ ಕೆಳಗೆ ಹೊತ್ತವನೂ ಅವನೇ. "ಇನ್ನೊಂದು ಚೂರು ಬಿಸಿ ಇರ್ಲಿ" ಎಂದು ಬಚ್ಚಲಿನಿಂದ ಕೂಗು ಬಂದಾಗ ಚೀಲದ ಚಕ್ಕೆ ತಳ ಕಂಡಿತು, ಬಿಸಿಲು ಪಡುವಣಕ್ಕೆ ವಾಲಿತು, ಮಂಜುಳಮ್ಮ ಗೊಜ್ಜು ಉಂಡು ನಿದ್ದೆ ಮುಗಿಸಿ ಎದ್ದೂ ಆಯಿತು.

ಕೊನೆಗೆ ಶರಣಬಸವ ತನ್ನ ಸ್ನಾನದ ಮಣೆಯನ್ನೇ ಸೀಳಿ ಒಲೆಗೆ ಹಾಕಿದ. ಅತ್ತೆ ಮೇಲೆ ಬಂದು, ಒಣಗಿದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಪಟಪಟನೆ ತಟ್ಟಿದರು. ಕಾದ ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಮಣೆ ಬೂದಿಯಾಗುವುದಕ್ಕೂ ರೊಟ್ಟಿ ಬೇಯುವುದಕ್ಕೂ ಸರಿಹೋಯಿತು. ಒಂದೇ ಒಂದು ರೊಟ್ಟಿ. ಅದರ ಮೇಲೆ ಬೆಣ್ಣೆ, ಪಕ್ಕಕ್ಕೆ ಶೇಂಗಾ ಚಟ್ನಿ ಇಟ್ಟುಕೊಂಡು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನು ಮೆಟ್ಟಿಲಿಳಿದ.

ನಾಗರತ್ನಾ ಒಂದು ಚೂರು ಮುರಿದು ಬಾಯಿಗಿಟ್ಟಳು. "ಚಲೋ ಆಗ್ಯದ ರೀ" ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನೀವು ಮುಂಜಾನಿಂದ ಉಂಡಿಲ್ಲ, ನೀವೇ ತಿನ್ರಿ. ನಾ ಮ್ಯಾಲ ಹೋಗಿ ಒಣಗಿದ ಬಟ್ಟಿ ತರ್ತೀನಿ."

ಬೆಳಗಿನಿಂದ ಬೆಂದವನು ತಟ್ಟೆ ಎತ್ತಿಕೊಂಡ. ರೊಟ್ಟಿಯಲ್ಲಿ ಏನು ಕಡಿಮೆಯಾಯಿತು? ಉಪ್ಪೋ, ಉರಿಯೋ? ಕೇಳಿಯೇ ಬಿಡೋಣವೆಂದು ಅವಳ ಹಿಂದೆಯೇ ಮೇಲೆ ಹೋದ.

ಹಗ್ಗದ ಮೇಲಿನ ಬಟ್ಟೆ ಹಾಗೇ ಇತ್ತು. ನಾಗರತ್ನಾ ಒಲೆಯ ಮುಂದೆ ಕೂತಿದ್ದಳು. ಸುಟ್ಟು ಕೆಂಪಾದ ಮಣ್ಣಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು, ಕಣ್ಣು ಮುಚ್ಚಿ ವಾಸನೆ ಎಳೆದುಕೊಂಡಳು. ಮಣ್ಣಿನ ಒಂದು ಹೆಕ್ಕಳಿಕೆ ಕಿತ್ತು ಬಾಯಿಗೆ ಹಾಕಿ, ಕರುಂ ಕರುಂ ಎಂದು, ಬಳೆ ಅಂಗಡಿಯ ಮುಂದೆ ನಿಂತ ಹುಡುಗಿಯಂತೆ ಮುಖ ಅರಳಿಸಿಕೊಂಡು ಜಗಿಯತೊಡಗಿದಳು.

"ನಾಗೂ."

ಅವಳು ಬೆಚ್ಚಿ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಒಲಿ ಮಣ್ಣು ತಿನ್ಬೇಕನಸ್ತಿತ್ರಿ. ತಿಂಗಳಾತು. ಹೆಂಗ ಹೇಳ್ಲಿ? ನೀವು ನಗ್ತೀರಂತ ರೊಟ್ಟಿ ಅಂದೆ. ರೊಟ್ಟಿಗಂದ್ರ ಒಲಿ ಬರ್ತದಲ್ಲ."

ಶರಣಬಸವನಿಗೆ ಬದನೆಕಾಯಿ, ಖೀರು, ಹಂಡೆ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು. ಬೆಳಿಗ್ಗೆ ಒಲೆಗೆ ಬೆಂಕಿ ಹಚ್ಚಿ ಮಣ್ಣು ಸುಟ್ಟ ಗಳಿಗೆಗೇ ಅವಳ ಅಡುಗೆ ಮುಗಿದಿತ್ತು. ಅವನು ನಗಲಿಲ್ಲ. ಅವಳ ಪಕ್ಕದಲ್ಲಿ ಕೂತು, ತಣ್ಣಗಾಗುತ್ತಿದ್ದ ರೊಟ್ಟಿಯನ್ನು ತಾನು ತಿಂದ. ಇಬ್ಬರೂ ತಮ್ಮ ತಮ್ಮ ಊಟ ಮಾಡಿದರು. ಬಹಳ ದಿನಗಳ ಮೇಲೆ ಅವನಿಗೆ ಹೊಟ್ಟೆ ತುಂಬಿದಂತಾಯಿತು.

"ಭಾಳ ತಿನ್ಬ್ಯಾಡ, ಡಾಕ್ಟರು ಬೈತಾರ" ಎಂದಷ್ಟೇ ಹೇಳಿದ.

ವಿಷಯ ಲಕ್ಷ್ಮಿದೇವಿಗೂ ತಿಳಿಯಿತು. ಆರಿದ ಒಲೆಯನ್ನು ಅವರೇ ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ ಅಳಿಯನ ತಲೆಯ ಮೇಲಿಟ್ಟರು. ಬಾಗಿಲಲ್ಲಿ ಮುನಿನಾರಾಯಣಪ್ಪ ಅಡ್ಡ ಬಂದರು. "ಒಲೆ ಎಲ್ಲಿಗಯ್ಯಾ ಹೊರಟ್ತು? ಮುಂದಿನ ಭಾನುವಾರ ನಮ್ಮನೆಯವಳೂ ಎಣ್ಣೆ ಹಚ್ಕೋತಾಳೆ. ಅಷ್ಟ್ರಲ್ಲಿ ಇನ್ನೊಂದು ಮಾಡಿಡು." ಹಿಂದಿನಿಂದ ಮಂಜುಳಮ್ಮ, "ಬಾಯಿ ಸ್ವಲ್ಪ ಅಗಲ ಮಾಡಪ್ಪಾ, ಬದನೆಕಾಯಿ ಹೊರಳಿಸೋಕೆ ಕೈ ಹೋಗಲ್ಲ" ಎಂದರು.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಗಂಟನ್ನು ಸೀಟಿನ ಕೆಳಗೆ ತಳ್ಳಿ, ಮುಖದ ಮಸಿ ಒರೆಸಿಕೊಂಡು ಶರಣಬಸವ ಕಿಟಕಿಯ ಪಕ್ಕ ನಿಂತ. ನಾಗರತ್ನಾಳ ಮುಖ ಹುಣ್ಣಿಮೆಯಂತಿತ್ತು. ದವಡೆ ಮೆಲ್ಲಗೆ ಆಡುತ್ತಿತ್ತು. ರೈಲು ಅಲುಗಿತು. ಅತ್ತೆ ಕಿಟಕಿಯಿಂದ ಕೈ ಹೊರಹಾಕಿ ಕೂಗಿ ಹೇಳಿದರು:

"ಅಳಿಯಂದ್ರ, ಇದು ಖರ್ಚಾದ ಮ್ಯಾಲೆ ಫೋನ್ ಮಾಡಸ್ತೀನಿ. ಇನ್ನೊಂದ ಒಲಿ ಕಳಸ್ರಿ."